ಬಂಡವಾಳ ಬಯಲಾದೀತೆಂಬ ಭಯ



ಒಳ್ಳೆಯ ಕೆಲಸ ಸಿಕ್ಕಿದೆ. ಸಂಬಳ ಸರಿಯಾಗಿ ಬರುತ್ತಿದೆ. ಮೇಲಿನವರು ಒಂದೆರಡು ಸಲ ಮೆಚ್ಚಿಕೊಂಡೂ ಇದ್ದಾರೆ. ಆದರೂ ಬೆಳಿಗ್ಗೆ ಆಫೀಸಿನ ಬಾಗಿಲಲ್ಲಿ ಕಾರ್ಡು ತೋರಿಸಿ ಒಳಗೆ ಹೋಗುವಾಗ ‘ಇವತ್ತು ನನ್ನ ಬಂಡವಾಳ ಬಯಲಾಗುತ್ತದೆ’ ಎಂದು ಎದೆ ಡವಗುಟ್ಟುವವರು ನಮ್ಮ ನಡುವೆ ಬಹಳ ಜನ ಇದ್ದಾರೆ. ಅವರಲ್ಲಿ ಹೊಸದಾಗಿ ಸೇರಿದ ಎಂಜಿನಿಯರುಗಳು ಇದ್ದಾರೆ, ಬಡ್ತಿ ಸಿಕ್ಕಿದ ಬ್ಯಾಂಕ್ ಅಧಿಕಾರಿಗಳು ಇದ್ದಾರೆ, ಪಾಠ ಮಾಡುವ ಅಧ್ಯಾಪಕರು, ರೋಗಿಗಳನ್ನು ನೋಡುವ ಡಾಕ್ಟರುಗಳೂ ಇದ್ದಾರೆ. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳದೆ ಇರುವುದರಿಂದಲೇ ಈ ಭಯ ಬಲಿಯುತ್ತದೆ ಎಂಬುದು ನನ್ನ ನಂಬಿಕೆ. ಹಾಗಾಗಿ ಇವತ್ತು ಅದರ ಬಗ್ಗೆಯೇ ಮಾತನಾಡೋಣ ಎಂದುಕೊಂಡೆ.

ಇಂಪೋಸ್ಟರ್ ಸಿಂಡ್ರೋಮ್ ಎಂದು ಈಗ ಕಚೇರಿಗಳಲ್ಲಿ ಕೇಳಿಬರುತ್ತಿರುವುದು ಇದೇ. ನಾನು ಈ ಜಾಗಕ್ಕೆ ತಕ್ಕವನಲ್ಲ, ಹೇಗೋ ಎಲ್ಲರ ಕಣ್ಣು ತಪ್ಪಿಸಿ ಒಳಗೆ ಬಂದುಬಿಟ್ಟಿದ್ದೇನೆ, ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತೇನೆ ಎಂಬ ಭಾವ. ಸುಳ್ಳು ಸರ್ಟಿಫಿಕೇಟು ಕೊಟ್ಟು ಕೆಲಸಕ್ಕೆ ಸೇರಿದವನಿಗೆ ಇಂಥ ಭಯ ಇದ್ದರೆ ಅದು ಇರಬೇಕಾದ್ದೇ. ಆದರೆ ಇಲ್ಲಿ ಸರ್ಟಿಫಿಕೇಟೂ ನಿಜ, ಓದಿದ್ದೂ ನಿಜ, ಮಾಡಿ ಮುಗಿಸಿದ ಕೆಲಸವೂ ನಿಜ. ಅದೆಲ್ಲ ತನ್ನದೇ ಎಂದು ಒಪ್ಪಿಕೊಳ್ಳಲು ಮಾತ್ರ ಮನಸ್ಸು ತಯಾರಿಲ್ಲ.

1978ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿದ್ದ ಇಬ್ಬರು ಮನಶ್ಶಾಸ್ತ್ರಜ್ಞೆಯರು, ಪಾಲಿನ್ ಕ್ಲ್ಯಾನ್ಸ್ ಮತ್ತು ಸುಝಾನ್ ಐಮ್ಸ್, ಇದನ್ನು ಮೊದಲ ಬಾರಿಗೆ ಒಂದು ಪ್ರಬಂಧದಲ್ಲಿ ವಿವರಿಸಿದರು. ಐದು ವರ್ಷಗಳ ಅವಧಿಯಲ್ಲಿ, ಸಲಹೆ ಕೇಳಲು ಬಂದಾಗಲೋ ತರಗತಿಗಳಲ್ಲೋ ತಮ್ಮ ಜೊತೆ ಮನಸ್ಸು ಬಿಚ್ಚಿ ಮಾತನಾಡಿದ 150ಕ್ಕೂ ಹೆಚ್ಚು ಹೆಣ್ಣುಮಕ್ಕಳ ಅನುಭವ ಅದಕ್ಕೆ ಆಧಾರ. ಪಿಎಚ್‌ಡಿ ಮಾಡಿದವರು, ತಮ್ಮ ವೃತ್ತಿಯಲ್ಲಿ ಹೆಸರು ಮಾಡಿದವರು, ತರಗತಿಗೇ ಮೊದಲಿಗರಾದವರು ಅವರಲ್ಲಿದ್ದರು. ಎಲ್ಲರದೂ ಒಂದೇ ಮಾತು: ನನ್ನನ್ನು ಆರಿಸಿದವರು ಏನೋ ತಪ್ಪು ಲೆಕ್ಕ ಹಾಕಿದ್ದಾರೆ. ಕ್ಲ್ಯಾನ್ಸ್ ಅವರಿಗೆ ಇದು ಹೊಸದೇನೂ ಆಗಿರಲಿಲ್ಲ. ಅವರು ಅಪಲಾಚಿಯನ್ ಬೆಟ್ಟದ ಸೀಮೆಯಲ್ಲಿ ಬೆಳೆದವರು, ತಂದೆಯದು ಮರ ಕೊಯ್ಯುವ ಮಿಲ್ಲು. ಓದುವ ದಿನಗಳಲ್ಲಿ ಪ್ರತಿ ಪರೀಕ್ಷೆ ಬರೆದು ಬಂದ ಮೇಲೂ ಫೇಲಾದೆ ಎಂದೇ ಕೊರಗುತ್ತಿದ್ದವರು ಅವರು.

ಅವರಿಬ್ಬರೂ ಇದನ್ನು ಕಾಯಿಲೆ ಎನ್ನಲಿಲ್ಲ. ಮನೋರೋಗಗಳ ಅಧಿಕೃತ ಪಟ್ಟಿಗಳಲ್ಲಿ ಇಂದಿಗೂ ಇದಕ್ಕೆ ಜಾಗವಿಲ್ಲ. ಎಷ್ಟು ಜನರಿಗೆ ಹೀಗಾಗುತ್ತದೆ ಎಂದು ಕೇಳಿದರೆ ನೇರವಾದ ಉತ್ತರವೂ ಇಲ್ಲ. 62 ಅಧ್ಯಯನಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿದ ಒಂದು ವರದಿ 2020ರಲ್ಲಿ ಬಂತು. ಒಂದು ಅಧ್ಯಯನದಲ್ಲಿ ನೂರಕ್ಕೆ 9 ಜನ ಎಂದಿದ್ದರೆ ಇನ್ನೊಂದರಲ್ಲಿ 82 ಎಂದಿತ್ತು. ಒಬ್ಬೊಬ್ಬರು ಕೇಳಿದ ಪ್ರಶ್ನೆ ಬೇರೆ, ಗೆರೆ ಎಳೆದ ಜಾಗ ಬೇರೆ. ಹಾಗಾಗಿ ‘ನೂರಕ್ಕೆ ಇಷ್ಟೇ ಜನ’ ಎಂದು ಖಚಿತವಾಗಿ ಹೇಳುವವರನ್ನು ನಾನು ನಂಬುವುದಿಲ್ಲ. ಗಂಡಸರು ಹೆಂಗಸರು ಎಂಬ ಭೇದವಿಲ್ಲದೆ, ಎಲ್ಲ ವಯಸ್ಸಿನವರಲ್ಲೂ ಇದು ಇದೆ ಎಂಬುದು ಮಾತ್ರ ಆ ವರದಿಯಿಂದ ಸ್ಪಷ್ಟವಾಯಿತು.

ಈ ಭಯ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಿಮಗೆ ಒಂದು ಹೊಸ ಜವಾಬ್ದಾರಿ ಒಪ್ಪಿಸುತ್ತಾರೆ. ಒಡನೆ ಹೊಟ್ಟೆಯಲ್ಲಿ ಸಂಕಟ. ಆಗ ಇರುವುದು ಎರಡು ದಾರಿ. ಒಂದು, ಬೇಕಾದ್ದಕ್ಕಿಂತ ಮೂರು ಪಟ್ಟು ತಯಾರಿ. ಹತ್ತು ನಿಮಿಷದ ಮಾತಿಗೆ ನಾಲ್ಕು ರಾತ್ರಿ ನಿದ್ದೆಗೆಡುವುದು, ಕಳಿಸಬೇಕಾದ ಒಂದು ಮೇಲನ್ನು ಇಪ್ಪತ್ತು ಸಲ ತಿದ್ದುವುದು. ಇನ್ನೊಂದು, ಹೆದರಿಕೆಯಿಂದ ಕೆಲಸವನ್ನು ಮುಂದೂಡುತ್ತ ಹೋಗಿ ಕಡೆಯ ದಿನ ಜೀವ ಕೈಯಲ್ಲಿ ಹಿಡಿದು ಮುಗಿಸುವುದು. ಯಾವ ದಾರಿಯಲ್ಲಿ ಹೋದರೂ ಕೆಲಸ ಸಾಮಾನ್ಯವಾಗಿ ಚೆನ್ನಾಗಿಯೇ ಆಗುತ್ತದೆ. ಎಲ್ಲರೂ ಭೇಷ್ ಎನ್ನುತ್ತಾರೆ. ಅರ್ಧ ದಿನ ಮನಸ್ಸು ಹಗುರ. ಆಮೇಲೆ ಒಳಗಿನಿಂದ ಲೆಕ್ಕ ಶುರುವಾಗುತ್ತದೆ. ಬಹಳ ತಯಾರಿ ಮಾಡಿದ್ದರೆ, ‘ಕತ್ತೆ ಹಾಗೆ ದುಡಿದೆ, ಅದಕ್ಕೆ ಆಯಿತು. ಬುದ್ಧಿವಂತರಿಗೆ ಇಷ್ಟು ಒದ್ದಾಟ ಬೇಕಿರಲಿಲ್ಲ.’ ಕಡೆಯ ಗಳಿಗೆಯಲ್ಲಿ ಮುಗಿಸಿದ್ದರೆ, ‘ಅದೃಷ್ಟ, ಈ ಸಲ ಬಚಾವಾದೆ.’ ಹೀಗೆ ಗೆಲುವು ಯಾವ ಬಾಗಿಲಿಂದ ಬಂದರೂ ಅದು ತನ್ನ ಖಾತೆಗೆ ಜಮಾ ಆಗುವುದೇ ಇಲ್ಲ. ಸೋಲು ಬಂದರೆ ಮಾತ್ರ ಕೂಡಲೇ ಜಮಾ. ಮುಂದಿನ ಜವಾಬ್ದಾರಿ ಬಂದಾಗ ಭಯ ಹಿಂದಿಗಿಂತ ದೊಡ್ಡದಾಗಿರುತ್ತದೆ, ಏಕೆಂದರೆ ಈಗ ಬೀಳುವ ಎತ್ತರವೂ ಹೆಚ್ಚಿದೆ. ಬಡ್ತಿಯಿಂದ ಈ ಭಯ ಹೋಗುವುದಿಲ್ಲ ಎಂಬುದಕ್ಕೆ ಇದೇ ಕಾರಣ.

ನಮ್ಮ ನಾಡಿನಲ್ಲಿ ಇದು ಎಲ್ಲಿ ಹೆಚ್ಚು ಬೇರು ಬಿಡುತ್ತದೆ ಎಂಬುದು ನನಗೆ ಮುಖ್ಯವಾದ ಪ್ರಶ್ನೆ. ಸಿಂಧನೂರಿನ ಕಡೆಯದೋ ಹಿರೇಕೆರೂರಿನ ಕಡೆಯದೋ ಒಂದು ಹಳ್ಳಿಯ ಹುಡುಗಿಯನ್ನು ಮನಸ್ಸಿಗೆ ತಂದುಕೊಳ್ಳಿ. ಇದು ಯಾರೋ ಒಬ್ಬಳ ಕಥೆಯಲ್ಲ, ಹಲವರ ಬಾಯಲ್ಲಿ ಬೇರೆ ಬೇರೆ ರೀತಿ ಕೇಳಿದ್ದು. ಎಸ್ಸೆಸ್ಸೆಲ್ಸಿವರೆಗೆ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಗಣಿತದಲ್ಲಿ ತಾಲ್ಲೂಕಿಗೇ ಮೊದಲಿಗಳು. ಪಿಯುಸಿಗೆ ಸಾಯನ್ಸ್ ತಗೊಂಡಳು. ಹತ್ತನೇ ತರಗತಿಯಲ್ಲಿ ಕಣ್ಣು ಮುಚ್ಚಿ ಬಿಡಿಸುತ್ತಿದ್ದ ಲೆಕ್ಕವನ್ನೇ ಅಲ್ಲಿ ಇಂಗ್ಲಿಷಿನಲ್ಲಿ ಕೇಳಿದಾಗ, ಉತ್ತರ ಗೊತ್ತಿದ್ದೂ ಕೈ ಎತ್ತಲಿಲ್ಲ. ಆ ವರ್ಷವೇ ಒಂದು ಪಾಠ ಅವಳೊಳಗೆ ಕೂತುಬಿಟ್ಟಿತು: ಗೊತ್ತಿರುವುದು ಬೇರೆ, ಗೊತ್ತಿದೆ ಎಂದು ಕಾಣಿಸುವುದು ಬೇರೆ, ನನಗೆ ಎರಡನೆಯದು ಬರುವುದಿಲ್ಲ. ಸಿಇಟಿ ಬರೆದು ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಕಂಪನಿಯೊಂದಕ್ಕೆ ಸೇರುತ್ತಾಳೆ. ಅಲ್ಲಿ ಮ್ಯಾನೇಜರರನ್ನು ಹೆಸರು ಹಿಡಿದು ಕರೆಯಬೇಕಂತೆ. ಅಪ್ಪನ ವಯಸ್ಸಿನವರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಏಳುವುದಿಲ್ಲ, ‘ಸರ್’ ಎಂದರೆ ಪಕ್ಕದವರು ನಗುತ್ತಾರೆ. ಹಾಗಾಗಿ ಯಾರನ್ನೂ ಏನೂ ಕರೆಯದೆ, ಎದುರಿಗೆ ಬಂದವರ ಹತ್ತಿರ ಮಾತ್ರ ಮಾತನಾಡಿ ದಿನ ಕಳೆಯುತ್ತಾಳೆ.

ಬೆಳಗಿನ ಮೀಟಿಂಗಿನಲ್ಲಿ ಒಂದು ತೊಂದರೆಯ ಬಗ್ಗೆ ಚರ್ಚೆ. ಅವಳಿಗೆ ಅದರ ಪರಿಹಾರ ಹೊಳೆದಿದೆ. ವಾಕ್ಯವನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ಹೊಂದಿಸಿಕೊಳ್ಳುತ್ತಿರುವಾಗ ಇನ್ನೊಬ್ಬ ಅದನ್ನೇ ಹೇಳಿಬಿಡುತ್ತಾನೆ. ಎಲ್ಲರೂ ತಲೆದೂಗುತ್ತಾರೆ. ‘ಅಯ್ಯೋ, ಇದು ನಂಗೂ ಗೊತ್ತಿತ್ತಲ್ಲ’ ಎಂದು ಅವಳಿಗೆ ಅನ್ನಿಸಬೇಕು. ಆದರೆ ಅನ್ನಿಸುವುದು ಬೇರೆ: ‘ನೋಡು, ಅವರೆಲ್ಲ ಎಷ್ಟು ಚುರುಕು. ನಾನು ಇಲ್ಲಿಗೆ ಬರಬಾರದಿತ್ತು.’ ಮಾತಿನ ವೇಗವನ್ನೇ ಬುದ್ಧಿಯ ವೇಗ ಎಂದು ಅವಳು ಅಳೆದುಕೊಂಡಿದ್ದಾಳೆ. ಆಫೀಸೂ ಹಾಗೆಯೇ ಅಳೆಯುತ್ತಿದೆ, ಅದು ಇನ್ನೂ ದುಃಖದ ಸಂಗತಿ. ರಾತ್ರಿ ಪೀಜಿಯಿಂದ ಮನೆಗೆ ಫೋನ್ ಮಾಡಿದರೆ ಅವ್ವ ಕೇಳುತ್ತಾಳೆ, ‘ಹ್ಯಾಂಗೈತವ್ವಾ ಕೆಲಸ?’ ‘ಚಲೋ ಐತವ್ವಾ’ ಎಂದು ಹೇಳಿ ಫೋನ್ ಇಡುತ್ತಾಳೆ. ಮನೆಯವರ ಹೆಮ್ಮೆಯೇ ಭಾರವಾಗುವುದು ಇಲ್ಲಿ. ಊರಿಗೆಲ್ಲ ಮಗಳ ಕೆಲಸದ ಸುದ್ದಿ ಹೇಳಿಕೊಂಡು ಬಂದಿರುವ ಅವ್ವನಿಗೆ ಈ ಭಯವನ್ನು ಹೇಗೆ ಹೇಳುವುದು?

ಯಕ್ಷಗಾನ ನೋಡಿದವರಿಗೆ ಒಂದು ಮಾತು ಬೇಗ ಅರ್ಥವಾದೀತು. ಬೇರೆಯವರನ್ನು ನಾವು ನೋಡುವುದು ರಂಗಸ್ಥಳದಲ್ಲಿ, ಕಿರೀಟ ಕಟ್ಟಿ ಬೆಳಕಿಗೆ ಬಂದ ಮೇಲೆ. ನಮ್ಮನ್ನು ನಾವು ನೋಡಿಕೊಳ್ಳುವುದು ಚೌಕಿಯಲ್ಲಿ, ಅರ್ಧ ಬಣ್ಣ ಹಚ್ಚಿಕೊಂಡು ಗೆಜ್ಜೆಗೆ ತಡಕಾಡುವಾಗ. ಪಕ್ಕದ ಕುರ್ಚಿಯವನೂ ಆ ಒಂದು ವಾಕ್ಯಕ್ಕಾಗಿ ಹಿಂದಿನ ರಾತ್ರಿ ಎಷ್ಟು ಒದ್ದಾಡಿದ್ದ ಎಂಬುದು ಮೀಟಿಂಗಿನಲ್ಲಿ ಕೂತ ಆ ಹುಡುಗಿಗೆ ಕಾಣುವುದೇ ಇಲ್ಲ.

ಇದರ ಜೊತೆಗೆ ನಮ್ಮ ಸಂಸ್ಕಾರದ ಒಂದು ಎಳೆಯೂ ಸೇರಿಕೊಂಡಿದೆ. ಯಾರಾದರೂ ಹೊಗಳಿದರೆ ‘ಎಲ್ಲ ದೇವರ ದಯೆ, ಹಿರಿಯರ ಆಶೀರ್ವಾದ’ ಎನ್ನುವಂತೆ ನಮ್ಮನ್ನು ಬೆಳೆಸಿದ್ದಾರೆ. ಆ ಮಾತು ನನಗೆ ಇಷ್ಟ, ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ವಿನಯವಂತನಿಗೆ ತಾನು ಏನು ಮಾಡಿದೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ, ಗೊತ್ತಿದ್ದೇ ತಲೆ ತಗ್ಗಿಸುತ್ತಾನೆ. ಈ ಭಯ ಹಿಡಿದವರಿಗೆ ತಾವು ಮಾಡಿದ್ದೇ ಕಾಣುವುದಿಲ್ಲ. ವರ್ಷದ ಕೊನೆಗೆ ಅಪ್ರೈಸಲ್ ಫಾರಮ್ಮು ಬಂದಾಗ ಈ ವ್ಯತ್ಯಾಸ ಬೆಳಕಿಗೆ ಬರುತ್ತದೆ. ‘ಈ ವರ್ಷದ ನಿಮ್ಮ ಸಾಧನೆ ಬರೆಯಿರಿ’ ಎಂಬ ಜಾಗವನ್ನು ತುಂಬಲಾಗದೆ, ಹನ್ನೆರಡು ತಿಂಗಳ ದುಡಿಮೆಯನ್ನು ಎರಡು ಸಾಲಿಗೆ ಇಳಿಸಿ ಕೊಟ್ಟು ಬರುವವರು ಎಷ್ಟೋ ಜನ. ಅದರ ನಷ್ಟ ಸಂಬಳದಲ್ಲಿ ಕಾಣಿಸುತ್ತದೆ.

ಇಲ್ಲಿಯವರೆಗೆ ನಾನು ಒಳಗಿನ ಮನಸ್ಸಿನ ಬಗ್ಗೆ ಹೇಳಿದೆ. ಎಲ್ಲವನ್ನೂ ಒಳಗಿನ ಮನಸ್ಸಿನ ಮೇಲೆ ಹೊರಿಸಿಬಿಡುವುದು ಮಾತ್ರ ಅನ್ಯಾಯ. 1978ರ ಆ ಪ್ರಬಂಧದಲ್ಲಿದ್ದವರಲ್ಲಿ ಬಹುಪಾಲು ಅನುಕೂಲಸ್ಥ ಬಿಳಿಯ ಮಹಿಳೆಯರು. ಅವರನ್ನು ಯಾರೂ ಬಾಗಿಲಲ್ಲಿ ತಡೆದು ‘ನೀನು ಇಲ್ಲಿಯವಳಲ್ಲ’ ಎಂದು ಬಣ್ಣ ನೋಡಿ ಹೇಳಿರಲಿಲ್ಲ. 2021ರಲ್ಲಿ ರುಚಿಕಾ ತುಳಸ್ಯಾನ್ ಮತ್ತು ಜೋಡಿ-ಆ್ಯನ್ ಬ್ಯೂರಿ ಎಂಬ ಇಬ್ಬರು ಬರೆದ ಲೇಖನವೊಂದು ಈ ವಿಷಯವನ್ನೇ ಎತ್ತಿತು. ಕೆಲಸದ ಜಾಗವೇ ಕೆಲವರನ್ನು ದಿನವೂ ಅನುಮಾನದಿಂದ ನೋಡುತ್ತಿರುವಾಗ, ಅವರ ಮನಸ್ಸಿಗೆ ಏನೋ ಕೆಟ್ಟಿದೆ ಎಂದು ಔಷಧಿ ಹುಡುಕುವುದು ಸರಿಯೇ? ಈ ವಿಷಯದಲ್ಲಿ ನಾನು ಅವರ ಪಕ್ಷ.

ನಮ್ಮಲ್ಲಿ ಇದಕ್ಕೆ ದೂರ ಹೋಗಿ ಉದಾಹರಣೆ ಹುಡುಕಬೇಕಿಲ್ಲ. ‘ಅವನು ಕೋಟಾದಲ್ಲಿ ಬಂದವನು’ ಎಂಬ ಪಿಸುಮಾತನ್ನು ಕಾಲೇಜಿನಿಂದ ನಿವೃತ್ತಿಯವರೆಗೆ ಬೆನ್ನ ಹಿಂದೆ ಕೇಳಿಸಿಕೊಂಡವರು ನಮ್ಮ ಕಚೇರಿಗಳಲ್ಲಿ ಎಷ್ಟು ಮಂದಿ ಇಲ್ಲ! ಸಂವಿಧಾನ ಕೊಟ್ಟ ಹಕ್ಕಿನಿಂದ ಬಂದು, ಎಲ್ಲರಂತೆ ಪರೀಕ್ಷೆ ಪಾಸು ಮಾಡಿ, ಎಲ್ಲರಂತೆ ಕೆಲಸ ಮಾಡುವವನು, ಒಂದು ಕಾಗದದಲ್ಲಿ ತಪ್ಪಾದರೂ ಅದನ್ನು ತನ್ನ ಜಾತಿಗೆ ಹಚ್ಚುತ್ತಾರೆ ಎಂಬ ಹೆದರಿಕೆಯಲ್ಲಿ ಇರಬೇಕಾಗುತ್ತದೆ. ಅವನ ಅಳುಕನ್ನು ಸಿಂಡ್ರೋಮ್ ಎಂದು ಕರೆದರೆ, ಆ ಅಳುಕನ್ನು ಹುಟ್ಟಿಸಿದವರು ತಪ್ಪಿಸಿಕೊಂಡಂತಾಯಿತು.

ಬಾಗಿಲಲ್ಲೇ ತಡೆದದ್ದಕ್ಕೆ ಬೆಂಗಳೂರಿನದೇ ಒಂದು ಹಳೆಯ ಪ್ರಸಂಗ ಇದೆ. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಮುಂಬಯಿ ವಿಶ್ವವಿದ್ಯಾಲಯದ ಬಿಎಸ್ಸಿಯಲ್ಲಿ ಮೊದಲ ಸ್ಥಾನ ಪಡೆದು, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಆಗ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಹೆಣ್ಣು ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿದರು. ಕಮಲಾ ಸುಮ್ಮನೆ ಹಿಂದಿರುಗಲಿಲ್ಲ, ಪಟ್ಟು ಹಿಡಿದರು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಇರಲಿ, ಕೆಲಸ ತೃಪ್ತಿಕರವಾಗಿದ್ದರೆ ನೋಡೋಣ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಆ ವರ್ಷ ಅವರ ದುಡಿಮೆ ನೋಡಿದ ಮೇಲೆ ಓದು ಮುಂದುವರಿಸಲು ಅವಕಾಶ ಸಿಕ್ಕಿತು. 1936ರಲ್ಲಿ ಎಂಎಸ್ಸಿ, 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ. ಮದುವೆಯ ನಂತರ ಕಮಲಾ ಸೊಹೋನಿ ಎಂದು ಹೆಸರಾದ ಅವರು ಮುಂದೆ ಮುಂಬಯಿಯ ಇನ್‌ಸ್ಟಿಟ್ಯೂಟ್ ಆಫ್ ಸಾಯನ್ಸ್‌ನ ನಿರ್ದೇಶಕಿಯೂ ಆದರು. ಇಳಿವಯಸ್ಸಿನಲ್ಲೂ ಆ ಅವಮಾನವನ್ನು ಅವರು ಮರೆಯಲಿಲ್ಲ, ಅದನ್ನು ಸಭೆಯಲ್ಲೇ ಹೇಳಿದರು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅವರ ಧೈರ್ಯ ಒಂದೇ ಅಲ್ಲ. ಅವರ ತಂದೆ ಮತ್ತು ದೊಡ್ಡಪ್ಪ ಚಿಕ್ಕಪ್ಪಂದಿರಲ್ಲಿ ಒಬ್ಬರು, ಇಬ್ಬರೂ ಅದೇ ಸಂಸ್ಥೆಯಲ್ಲಿ ಓದಿದ ರಸಾಯನಶಾಸ್ತ್ರಜ್ಞರು. ಆ ಕಟ್ಟಡದೊಳಗೆ ಏನು ನಡೆಯುತ್ತದೆ, ಅಲ್ಲಿಯವರು ಎಂಥ ಮನುಷ್ಯರು ಎಂಬುದು ಕಮಲಾ ಅವರಿಗೆ ಮನೆಯ ಮಾತಾಗಿತ್ತು. ‘ಇಲ್ಲ’ ಎಂದಾಗ ಅವರು ತಮ್ಮನ್ನು ಅನುಮಾನಿಸಲಿಲ್ಲ, ಇಲ್ಲ ಎಂದವರನ್ನು ಪ್ರಶ್ನಿಸಿದರು. ಮನೆತನದಲ್ಲೇ ಮೊದಲು ಕಾಲೇಜಿಗೆ ಹೋದ ನಮ್ಮ ಸಿಂಧನೂರಿನ ಹುಡುಗಿಗೆ ಈ ಆಸರೆ ಇಲ್ಲ. ಆಫೀಸಿನಲ್ಲಿ ಎಲ್ಲರಿಗೂ ಮೊದಲ ಆರು ತಿಂಗಳು ತಲೆಬುಡ ಗೊತ್ತಾಗುವುದಿಲ್ಲ ಎಂಬ ಸರಳ ಸತ್ಯವನ್ನು ಅವಳಿಗೆ ಹೇಳಲು ಮನೆಯಲ್ಲಿ ಯಾರಿದ್ದಾರೆ?

ಆ ಸತ್ಯವನ್ನು ಯಾರಾದರೂ ಹೇಳಿದರೆ ಎಷ್ಟು ಪ್ರಯೋಜನ ಎಂಬುದನ್ನು ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರಿಸಿದ್ದಾರೆ. ಅವರ ವರದಿ 2011ರಲ್ಲಿ ‘ಸಾಯನ್ಸ್’ ಪತ್ರಿಕೆಯಲ್ಲಿ ಬಂತು. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಅವರು ಹಿರಿಯ ವಿದ್ಯಾರ್ಥಿಗಳ ಅನುಭವಗಳನ್ನು ಓದಿಸಿದರು. ಅದರಲ್ಲಿದ್ದದ್ದು ಇಷ್ಟೇ: ಬಂದ ಹೊಸದರಲ್ಲಿ ನಮಗೆಲ್ಲ ಇದು ನಮ್ಮ ಜಾಗವಲ್ಲ ಅನ್ನಿಸುತ್ತಿತ್ತು, ಕಾಲ ಕಳೆದ ಹಾಗೆ ಅದು ಹೋಯಿತು. ಓದಿದ ಮೇಲೆ ತಮ್ಮ ಅನುಭವವನ್ನೂ ಬರೆಯಲು ಹೇಳಿದರು. ಎಲ್ಲ ಸೇರಿ ಸುಮಾರು ಒಂದು ಗಂಟೆಯ ಕೆಲಸ. ಅದನ್ನು ಓದಿ ಬರೆದ ಕಪ್ಪು ವರ್ಣದ ವಿದ್ಯಾರ್ಥಿಗಳ ಅಂಕಗಳು ಮುಂದಿನ ಮೂರು ವರ್ಷ ಏರುತ್ತ ಹೋದವು. ಬಿಳಿಯರಿಗೂ ಅವರಿಗೂ ಇದ್ದ ಅಂಕಗಳ ಅಂತರ ಅರ್ಧಕ್ಕೆ ಇಳಿಯಿತು. ಅವರ ಬುದ್ಧಿ ಒಂದು ಗಂಟೆಯಲ್ಲಿ ಬದಲಾಗಿರಲಿಲ್ಲ. ಅವರ ಅಳುಕಿನ ಅರ್ಥ ಬದಲಾಗಿತ್ತು.

ಹಾಗಾಗಿ ಈ ಭಯ ಇರುವವರಿಗೆ ನಾನು ಮೊದಲು ಹೇಳುವುದು, ಒಬ್ಬರ ಹತ್ತಿರ ಬಾಯಿ ಬಿಡಿ. ಎಲ್ಲರ ಹತ್ತಿರ ಬೇಡ, ನೀವು ಗೌರವಿಸುವ ಒಬ್ಬ ಹಿರಿಯರ ಹತ್ತಿರ, ಕ್ಯಾಂಟೀನಿನಲ್ಲಿ ಕಾಫಿ ಕುಡಿಯುವಾಗ. ‘ಮೇಡಂ, ನಿಮಗೂ ಮೊದ್ಲು ಹಿಂಗೆ ಭಯ ಆಗ್ತಿತ್ತಾ?’ ಎಂದು ಕೇಳಿ. ‘ಮೊದ್ಲೇನು, ಈಗ್ಲೂ ಆಗುತ್ತಮ್ಮಾ, ಹೊಸ ಕ್ಲೈಂಟ್ ಅಂದ್ರೆ ಹಿಂದಿನ ರಾತ್ರಿ ನಿದ್ದೆ ಇರಲ್ಲ’ ಎಂಬ ಉತ್ತರ ಬರುವ ಸಾಧ್ಯತೆ ನೀವು ತಿಳಿದುಕೊಂಡಿರುವುದಕ್ಕಿಂತ ಹೆಚ್ಚು. ಕ್ಲ್ಯಾನ್ಸ್ ಮತ್ತು ಐಮ್ಸ್ ಕೂಡ ಗುಂಪಿನಲ್ಲಿ ಕೂತು ಮಾತನಾಡುವುದಕ್ಕೇ ಹೆಚ್ಚು ಬೆಲೆ ಕೊಟ್ಟರು. ತಾನು ಮೆಚ್ಚುವ ಒಬ್ಬಾಕೆ ತನ್ನನ್ನು ದಡ್ಡಿ ಎಂದು ಕರೆದುಕೊಳ್ಳುವುದನ್ನು ಕೇಳಿದಾಗ ‘ಅದು ಸುಳ್ಳು’ ಎಂದು ಥಟ್ಟನೆ ಕಾಣುತ್ತದೆ. ಆ ಕಣ್ಣು ನಿಧಾನವಾಗಿ ತನ್ನ ಕಡೆಗೂ ತಿರುಗುತ್ತದೆ.

ಎರಡನೆಯದು, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ವಾರದ ಕೊನೆಗೆ ನಾಲ್ಕು ಸಾಲು ಸಾಕು. ಈ ವಾರ ಏನು ಮುಗಿಸಿದೆ, ಎಲ್ಲಿ ಸಿಕ್ಕಿಕೊಂಡೆ, ಅದನ್ನು ಹೇಗೆ ಬಿಡಿಸಿದೆ, ಯಾರು ಏನೆಂದರು. ಹೊಗಳಿಕೆ ಬಂದಿದ್ದರೆ ಅದೇ ಮಾತಿನಲ್ಲಿ ಬರೆಯಿರಿ, ಆ ಹೊಗಳಿಕೆಯನ್ನು ನೀವು ಯಾವ ನೆಪ ಹೇಳಿ ತಳ್ಳಿಹಾಕಿದಿರಿ ಎಂಬುದನ್ನೂ ಬರೆಯಿರಿ. ಈ ಎರಡನೆಯ ಭಾಗವೇ ಹೆಚ್ಚು ಕಲಿಸುತ್ತದೆ. ಮೂರು ತಿಂಗಳ ನಂತರ ತಿರುವಿ ನೋಡಿದರೆ ನೆಪಗಳೆಲ್ಲ ಒಂದೇ ಥರ ಇರುವುದು ಗೊತ್ತಾಗುತ್ತದೆ. ಅಪ್ರೈಸಲ್ ಬಂದಾಗ ಆ ಪುಸ್ತಕ ನಿಮ್ಮ ಕೈಯಲ್ಲಿರುವ ಸಾಕ್ಷಿ.

ಮೂರನೆಯದು, ಪ್ರಶ್ನೆ ಕೇಳುವುದನ್ನು ಮುಂದೂಡಬೇಡಿ. ಹೊಸಬರಾಗಿರುವಾಗ ಯಾವ ಪ್ರಶ್ನೆಗೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಒಂದು ವರ್ಷ ಗೊತ್ತಿರುವಂತೆ ತಲೆದೂಗಿದ ಮೇಲೆ ಅದೇ ಪ್ರಶ್ನೆ ಕೇಳುವುದು ನಿಜಕ್ಕೂ ಕಷ್ಟ.

ಎಲ್ಲ ಅಳುಕೂ ಸುಳ್ಳಲ್ಲ ಎಂಬುದನ್ನೂ ಹೇಳಬೇಕು. ಕೆಲವು ಸಲ ನಮಗೆ ನಿಜವಾಗಿಯೇ ಒಂದು ವಿದ್ಯೆ ಬಾರದೆ ಇರುತ್ತದೆ. ಹಾಗಿದ್ದರೆ ‘ನಾನು ಅಯೋಗ್ಯ’ ಎನ್ನುವ ಬದಲು ‘ನನಗೆ ಎಕ್ಸೆಲ್ಲಿನಲ್ಲಿ ಇದು ಬರುವುದಿಲ್ಲ’, ‘ಫೋನಿನಲ್ಲಿ ಇಂಗ್ಲಿಷ್ ಮಾತು ಹಿಡಿಯಲು ಆಗುವುದಿಲ್ಲ’ ಎಂದು ಬಿಡಿಸಿ ಹೇಳಿಕೊಂಡರೆ, ಅದು ಕಲಿತರೆ ಮುಗಿಯುವ ಸಂಗತಿಯಾಗುತ್ತದೆ. ಇಂಗ್ಲಿಷ್ ಒಂದು ಅಭ್ಯಾಸ, ದಿನಾ ಆಡಿದರೆ ಬರುತ್ತದೆ. ಕನ್ನಡದಲ್ಲಿ ಯೋಚಿಸಿ ಲೆಕ್ಕ ಬಿಡಿಸಿದ ತಲೆ ಅದಕ್ಕಿಂತ ಕಷ್ಟದ್ದನ್ನು ಆಗಲೇ ಕಲಿತಿದೆ.

ಅಮೆರಿಕದ ಎಂಐಟಿಯ ಬಸೀಮಾ ತೌಫಿಕ್ 2022ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ನನಗೆ ಸಮಾಧಾನ ಕೊಟ್ಟಿತು. ಇಂಥ ಅನುಮಾನ ಇರುವ ನೌಕರರು ಸಹೋದ್ಯೋಗಿಗಳ ಜೊತೆ ಹೆಚ್ಚು ಚೆನ್ನಾಗಿ ಹೊಂದಿಕೊಂಡು ಕೆಲಸ ಮಾಡುತ್ತಾರೆ, ಇಂಥ ಎಳೆಯ ವೈದ್ಯರು ರೋಗಿಯ ಮಾತನ್ನು ಹೆಚ್ಚು ಗಮನದಿಂದ ಕೇಳುತ್ತಾರೆ ಎಂದು ಅವರು ಕಂಡರು. ಅಳುಕು ಇದ್ದಮಾತ್ರಕ್ಕೆ ಕೆಲಸ ಕೆಡುವುದಿಲ್ಲ ಎಂಬಷ್ಟನ್ನು ಇದರಿಂದ ತೆಗೆದುಕೊಳ್ಳೋಣ. ಹಾಗೆಂದು ನರಳುತ್ತ ಇರಿ ಎಂದಲ್ಲ. ಎರಡು ಮೂರು ವಾರ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಕೆಲಸಕ್ಕೆ ಹೋಗುವುದೆಂದರೆ ಅಳು ಬರುವಂತಾದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ, ತಡಮಾಡದೆ ಮನೋವೈದ್ಯರನ್ನು ಕಾಣಬೇಕು. ಟೆಲಿ-ಮಾನಸ್ ಎಂಬ ಸರ್ಕಾರದ ಸಹಾಯವಾಣಿ 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ನಂಬರು 14416. ದಿನದ 24 ಗಂಟೆಯೂ, ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

ಕೊನೆಯದಾಗಿ, ಕೈಕೆಳಗೆ ನಾಲ್ಕು ಜನರನ್ನು ಇಟ್ಟುಕೊಂಡು ಕೆಲಸ ಮಾಡಿಸುವ ಹಿರಿಯರಲ್ಲಿ ಒಂದು ಕೇಳಿಕೆ. ಈ ಭಯವನ್ನು ಕಡಿಮೆ ಮಾಡುವ ಶಕ್ತಿ ಅದನ್ನು ಅನುಭವಿಸುವವರಿಗಿಂತ ನಿಮ್ಮ ಕೈಯಲ್ಲಿ ಹೆಚ್ಚಿದೆ. ‘ಇಷ್ಟೂ ಗೊತ್ತಿಲ್ವಾ?’ ಎಂಬ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ‘ಚೆನ್ನಾಗಿದೆ’ ಎಂದು ಬೆನ್ನು ತಟ್ಟಿ ಹೋಗಬೇಡಿ, ಯಾವುದು ಚೆನ್ನಾಗಿದೆ, ಏಕೆ ಎಂದು ಹೇಳಿ. ಬರೀ ಹೊಗಳಿಕೆಯನ್ನು ಅಳುಕಿನವರು ನಂಬುವುದಿಲ್ಲ, ವಿವರವನ್ನು ನಂಬುತ್ತಾರೆ. ಮೀಟಿಂಗಿನಲ್ಲಿ ಮಾತನಾಡದೆ ಕೂತವರಿಗೆ ಹಿಂದಿನ ದಿನವೇ ವಿಷಯ ತಿಳಿಸಿ, ಅವರಿಗಾಗಿ ಎರಡು ನಿಮಿಷ ಕಾಯಿರಿ, ಕನ್ನಡದಲ್ಲಿ ಹೇಳಿದರೂ ಕೇಳಿಸಿಕೊಳ್ಳಿ. ನಿಮ್ಮ ಮೊದಲ ವರ್ಷ ಹೇಗಿತ್ತು ಎಂಬುದನ್ನು ಮುಚ್ಚಿಡದೆ ಹೇಳಿ. ನಾಳೆ ಆಫೀಸಿಗೆ ಹೋದಾಗ, ಇತ್ತೀಚೆಗೆ ಸೇರಿದ ಒಬ್ಬರನ್ನು ಕರೆದು ಕೂರಿಸಿಕೊಂಡು ಈ ಮಾತನ್ನು ಶುರು ಮಾಡಿ.